ತುಮಕೂರಿನಿಂದ ಹೊಳಲ್ಕೆರೆಗೆ ಐದು ನಂಬರು

ನನ್ನ ಮೊದಲ ಕಾರನ್ನು ನಾನು ಅರವತ್ತಾರನೆಯ ವಯಸ್ಸಿನಲ್ಲಿ ಕೊಂಡೆ. ಅದನ್ನು ತುಮಕೂರಿನಿಂದ ಹೊಳಲ್ಕೆರೆಯ ಮನೆ ಬಾಗಿಲಿಗೆ ನಾನೇ ಓಡಿಸಿಕೊಂಡು ಬರಬೇಕು, ಬೇರೆ ಯಾರೂ ಒಂದು ಫರ್ಲಾಂಗೂ ಸ್ಟೇರಿಂಗ್ ಮುಟ್ಟಬಾರದು ಎಂಬುದು ನನ್ನ ಹಟವಾಗಿತ್ತು. ಮೊದಲ ದಿನ ಬೇರೆಯವರು ಓಡಿಸಿ ತಂದು ನಿಲ್ಲಿಸಿದರೆ ಆಮೇಲೂ ಅವರನ್ನೇ ಕರೆಯಬೇಕಾಗುತ್ತದೆ. ನನ್ನ ಕಾರಿನಲ್ಲಿ ನಾನೇ ಪಕ್ಕದ ಸೀಟಿನ ಪ್ರಯಾಣಿಕನಾಗಿ ಉಳಿದುಬಿಡುತ್ತೇನೆ. ಇದು ನನಗೆ ಸ್ಪಷ್ಟವಾಗಿ ಗೊತ್ತಿತ್ತು.

ಕಾರು ತುಮಕೂರಿನಲ್ಲೇ ಯಾಕೆ ಎಂದು ಎಲ್ಲರೂ ಕೇಳಿದರು. ಚಿತ್ರದುರ್ಗದಲ್ಲಿ ನಾಲ್ಕು ತಿಂಗಳು ಕಾಯಿರಿ ಎಂದಿದ್ದರು. ಮಂಡಿ ನೋವಿನ ನನ್ನ ಹೆಂಡತಿಗೆ ಎತ್ತರದ ಸೀಟು ಬೇಕು, ನನಗೆ ಬಿಳಿ ಬಣ್ಣ ಬೇಕು. ಎರಡೂ ಇದ್ದ ಒಂದು ಗಾಡಿ ತುಮಕೂರಿನಲ್ಲಿ ಸಿದ್ಧವಾಗಿ ನಿಂತಿತ್ತು. ಕಾಯುವುದು ನನ್ನ ವೃತ್ತಿಯೇ ಆಗಿತ್ತು, ಆದರೆ ಅದು ರೈಲಿಗೆ ಮಾತ್ರ.

ನಾನು ಸ್ಟೇಷನ್ ಮಾಸ್ಟರ್ ಆಗಿದ್ದವನು. ಮೂವತ್ತೈದು ವರ್ಷ ಸಣ್ಣ ಸಣ್ಣ ನಿಲ್ದಾಣಗಳಲ್ಲಿ ಕೆಲಸ ಮಾಡಿದೆ. ನಮ್ಮಲ್ಲಿ ಒಂದು ಪದ್ಧತಿ ಇದೆ. ಒಂದು ರೈಲನ್ನು ಬಿಡಬೇಕಾದರೆ ಮುಂದಿನ ನಿಲ್ದಾಣದವನನ್ನು ಫೋನಿನಲ್ಲಿ ಕೇಳಬೇಕು. ದಾರಿ ಖಾಲಿ ಇದ್ದರೆ ಅವನು 'ಲೈನ್ ಕ್ಲಿಯರ್' ಕೊಡುತ್ತಾನೆ. ಬರೀ ಬಾಯಿಮಾತು ಸಾಲದು. ತನ್ನ ಹಾಳೆಯಿಂದ ಎರಡಂಕಿಯ ಒಂದು ನಂಬರು ಓದಿ ಹೇಳಬೇಕು, ಹೇಳಿದ್ದನ್ನು ಅಲ್ಲೇ ಹೊಡೆದುಹಾಕಬೇಕು. ಆ ನಂಬರು ನನ್ನ ಪುಸ್ತಕದಲ್ಲಿ ಸಮಯದ ಸಮೇತ ದಾಖಲಾದ ಮೇಲೆಯೇ ಸಿಗ್ನಲ್. ರೈಲು ಅಲ್ಲಿ ತಲುಪಿದಾಗ ಕೊನೆಯ ಡಬ್ಬಿಯ ಬೆನ್ನಿಗೆ ತೂಗುವ ಫಲಕವನ್ನು ಕಣ್ಣಾರೆ ನೋಡಿ, ಗಾಡಿ ಪೂರ್ತಿ ಬಂದಿದೆ ಎಂದು ತಿಳಿಸಬೇಕು. ದಾರಿಯಲ್ಲಿ ಒಂದು ಡಬ್ಬಿ ಕಳಚಿ ಉಳಿದಿದ್ದರೆ ಇಂಜಿನ್ ಕಂಡಿತು ಎಂದು ಹೇಳಿ ಏನು ಪ್ರಯೋಜನ?

ನಮ್ಮ ರೈಲ್ವೆ ಕ್ವಾರ್ಟರ್ಸ್ ಎಲ್ಲ ಕಡೆಯೂ ನಿಲ್ದಾಣಕ್ಕೆ ಅಂಟಿಕೊಂಡೇ ಇರುತ್ತಿದ್ದವು. ನನ್ನ ಹೆಂಡತಿ ಅಡುಗೆಮನೆಯಲ್ಲಿ ಈ ನಂಬರುಗಳನ್ನು ಕೇಳಿಕೊಂಡೇ ಬದುಕಿದವಳು. ಕಾರಿನ ಮಾತು ಬಂದಾಗ ಅವಳು ಮೊದಲು ಜಗಳವಾಡಿದಳು. ಆರು ತಿಂಗಳು ನಾನು ಬೆಳಗ್ಗೆ ಐದೂವರೆಗೆ ಎದ್ದು, ನಮ್ಮೂರ ಪಕ್ಕದ ತಾಳ್ಯದ ರಸ್ತೆಯಲ್ಲಿ ಡ್ರೈವಿಂಗ್ ಸ್ಕೂಲಿನ ಕಾರು ಓಡಿಸಿದ್ದನ್ನೂ ಚಿತ್ರದುರ್ಗದಲ್ಲಿ ಮೊದಲ ಸಲಕ್ಕೇ ಲೈಸೆನ್ಸ್ ಪರೀಕ್ಷೆ ಪಾಸಾಗಿದ್ದನ್ನೂ ಅವಳು ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ. ಹೈವೇ ಬೇರೆ, ತಾಳ್ಯದ ರಸ್ತೆ ಬೇರೆ ಎಂದಳು. ಕೊನೆಗೆ ಒಂದು ಸಂಜೆ ಹಳೆಯ ಕ್ಯಾಲೆಂಡರಿನ ಒಂದು ಹಾಳೆ ಹರಿದು, ಅದರ ಹಿಂಬದಿಯಲ್ಲಿ ಇಪ್ಪತ್ತು ನಂಬರು ಬರೆದು ತಂದಳು. ಒಂದಕ್ಕೊಂದು ಸಂಬಂಧವಿಲ್ಲದ ಎರಡಂಕಿಗಳು.

"ಇದು ನನ್ನ ಹತ್ರ ಇರ್ತೈತೆ. ಪ್ರತಿ ಸ್ಟೇಷನ್ನಾಗೂ ಗಾಡಿ ನಿಲ್ಸಿ ನನ್ನ ಕೇಳ್ರಿ. ನಂಬರ್ ಕೊಟ್ರೆ ಮುಂದಕ್ಕೆ ಬರ್ರಿ. ಕೊಡ್ಲಿಲ್ಲ ಅಂದ್ರೆ ಕೀಲಿ ನನ್ನ ತಮ್ಮನ ಕೈಗೆ."

ನಾನು ಒಪ್ಪಿದೆ. ನಿಯಮವನ್ನು ಬರೆದಿಟ್ಟುಕೊಂಡ ಮೇಲೆ ನನಗೆ ಧೈರ್ಯವೇ ಹೆಚ್ಚಾಯಿತು. ತುಮಕೂರು, ಶಿರಾ, ಜವನಗೊಂಡನಹಳ್ಳಿ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ. ಆರು ನಿಲ್ದಾಣ, ನಡುವೆ ಐದು ಸೆಕ್ಷನ್. ಹಿರಿಯೂರಿನಿಂದ ಚಿತ್ರದುರ್ಗದ ಕಡೆಗೆ ಹೋಗದೆ ಲಾರಿ ಕಡಿಮೆ ಇರುವ ಹೊಸದುರ್ಗದ ದಾರಿ ಹಿಡಿಯಬೇಕೆಂದು ಅವಳೇ ತೀರ್ಮಾನಿಸಿದಳು. ವೇಗ ಅರವತ್ತು ಮೀರಬಾರದು. ಪ್ರತಿ ಸೆಕ್ಷನ್‌ಗೆ ಎಷ್ಟು ನಿಮಿಷ ಎಂದು ನಾನು ಡೈರಿಯಲ್ಲಿ ಟೈಂಟೇಬಲ್ ಹಾಕಿದೆ. ಅದರ ನಕಲನ್ನು ಅವಳಿಗೂ ಕೊಟ್ಟೆ. ಆ ನಕಲೇ ನನ್ನನ್ನು ಸಿಕ್ಕಿಸಿತು ಎಂಬುದು ಆಮೇಲಿನ ಮಾತು.

ಆ ದಿನ ಬೆಳಗಿನ ಮೊದಲ ಬಸ್ಸಿಗೇ ಹೊರಟೆ. ಹೆಂಡತಿಯ ತಮ್ಮ ಹಿರಿಯೂರಿನಲ್ಲಿ ಹತ್ತಿದ. ಅವನು ಹರಿಯಬ್ಬೆಯವನು, ಅದೇ ನನ್ನ ಹೆಂಡತಿಯ ತವರು. ಕುರಿ ಸಾಕುತ್ತಾನೆ, ಹೊಲ ಮಾಡುತ್ತಾನೆ, ತನ್ನ ಪಿಕಪ್ ಗಾಡಿಯಲ್ಲಿ ಸಂತೆಗೆ ಕುರಿ ತುಂಬಿಕೊಂಡು ಹೋಗುತ್ತಾನೆ. ಹೈವೇ ಅವನಿಗೆ ಮನೆಯಂಗಳ. ಕೂತ ತಕ್ಷಣ ಅವನು ಹೇಳಿದ್ದು, ಜವನಗೊಂಡನಹಳ್ಳಿ ದಾಟುವಷ್ಟರಲ್ಲಿ ಕೀಲಿ ತನ್ನ ಕೈಯಲ್ಲಿರುತ್ತದೆ ಎಂದು. ಹೊಸ ಕಾರನ್ನು ಓಡಿಸುವ ಆಸೆ ಅವನ ಮುಖದಲ್ಲಿ ಎದ್ದು ಕಾಣುತ್ತಿತ್ತು. ಅದಕ್ಕಾಗಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ.

ಶೋರೂಮಿನಲ್ಲಿ ಕಾರಿಗೆ ಕೆಂಪು ರೇಷ್ಮೆಯಂಥ ಬಟ್ಟೆ ಹೊದಿಸಿ ಇಟ್ಟಿದ್ದರು. ಅದನ್ನು ಸರಿಸಿದರು. ಅಷ್ಟು ಬಿಳುಪನ್ನು ನಾನು ಹತ್ತಿರದಿಂದ ನೋಡಿರಲಿಲ್ಲ. ಆದರೂ ಮೊದಲು ಡೈರಿ ತೆಗೆದೆ. ಸ್ಟೆಪ್ನಿ, ಜಾಕು, ವೈಪರು, ಹಾರನ್ನು, ಇಂಡಿಕೇಟರು, ನಾಲ್ಕು ಬಾಗಿಲು, ಎರಡು ಕೀಲಿ. ಒಂದೊಂದಕ್ಕೂ ಟಿಕ್ ಹಾಕಿದೆ. ಗಾಡಿ ಒಪ್ಪಿಸುತ್ತಿದ್ದ ಹುಡುಗಿ ತಾಳ್ಮೆಯಿಂದ ಎಲ್ಲ ತೋರಿಸಿದಳು. ಆಮೇಲೆ ರಟ್ಟಿನಲ್ಲಿ ಮಾಡಿದ, ತೋಳಿನುದ್ದದ ಒಂದು ಕೀಲಿಯನ್ನು ನನ್ನ ಕೈಗೆ ಕೊಟ್ಟು ಫೋಟೋಗೆ ನಿಲ್ಲಿಸಿದರು. ನಾನು ಹಸಿರು ಬಾವುಟ ಹಿಡಿದು ನಿಲ್ಲುತ್ತಿದ್ದ ಹಾಗೆಯೇ ಅದನ್ನೂ ನೆಟ್ಟಗೆ ಹಿಡಿದು ನಿಂತೆ. ನನ್ನ ಭಾಮೈದ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡ. ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿ, ಗೇಟಿನ ಬಳಿ ನಿಲ್ಲಿಸಿ, ಮನೆಗೆ ಫೋನ್ ಮಾಡಿದೆ.

"ತುಮಕೂರು. ಗಾಡಿ ಸಿದ್ಧ. ಲೈನ್ ಕ್ಲಿಯರ್ ಕೊಡು."

ಆ ಕಡೆ ಹಾಳೆ ಸರಿಸಿದ ಸದ್ದು. "ನಲವತ್ತೇಳು," ಎಂದಳು. ನಾನು ಬರೆದುಕೊಂಡೆ.

ಮೊದಲ ಹತ್ತು ನಿಮಿಷ ನನ್ನ ಬೆನ್ನು ಸೀಟಿಗೆ ತಾಗಲಿಲ್ಲ. ಲಾರಿಗಳು ಪಕ್ಕದಲ್ಲಿ ಗೋಡೆಯಂತೆ ಹಾದುಹೋದವು. ನಾನು ಎಡಗಡೆಯ ಪಟ್ಟಿ ಬಿಡಲಿಲ್ಲ, ಅರವತ್ತು ಮೀರಲಿಲ್ಲ. ನನ್ನ ಹಿಂದೆ ಬಂದ ಒಂದು ಟ್ರ್ಯಾಕ್ಟರ್ ಕೂಡ ಹಾರನ್ ಹೊಡೆಯಿತು ಎಂದು ಭಾಮೈದ ಆಮೇಲೆ ಊರೆಲ್ಲ ಹೇಳಿಕೊಂಡು ಬಂದ. ಅದು ಸುಳ್ಳು. ಶಿರಾದಲ್ಲಿ ಟೈಂಟೇಬಲ್ಲಿಗೆ ಸರಿಯಾಗಿ ನಿಂತೆವು. ಊಟ ಮಾಡಿದೆವು. ಫೋನ್ ಮಾಡಿದೆ. ಹನ್ನೆರಡು ಎಂಬ ನಂಬರು ಸಿಕ್ಕಿತು.

"ಭಾವ, ನನ್ನ ಕುರಿಗಳ್ನ ಬಿಟ್ಟಿದ್ರೆ ಇಷ್ಟು ಹೊತ್ಗೆ ನಮ್ಮೂರು ಮುಟ್ಟಿರ್ತಿದ್ವು," ಎಂದ ಭಾಮೈದ.

"ಕುರಿಗೆ ಟೈಂಟೇಬಲ್ ಇಲ್ಲಪ್ಪ," ಎಂದೆ.

ಜವನಗೊಂಡನಹಳ್ಳಿಯಲ್ಲಿ ಎಂಬತ್ತಮೂರು ಸಿಕ್ಕಿತು. ಅಷ್ಟರಲ್ಲಿ ನನ್ನ ಕೈಕಾಲು ಸಡಿಲವಾಗಿದ್ದವು. ಗೇರು ನಾನು ಯೋಚಿಸುವ ಮುಂಚೆಯೇ ಬೀಳುತ್ತಿತ್ತು. ಗುಡ್ಡಗಳ ಮೇಲೆ ಗಾಳಿಯಂತ್ರಗಳು ನಿಧಾನ ತಿರುಗುತ್ತಿದ್ದವು, ರಸ್ತೆ ನೇರ ಬಿದ್ದಿತ್ತು, ಬಿಸಿಲಿಗೆ ಬಾನೆಟ್ಟು ಹೊಳೆಯುತ್ತಿತ್ತು. ಮುಂದೆ ಒಂದು ಲಾರಿ ತೆವಳುತ್ತಿತ್ತು. ಇಂಡಿಕೇಟರ್ ಹಾಕಿ, ಕನ್ನಡಿ ನೋಡಿ, ಅದನ್ನು ಹಿಂದೆ ಹಾಕಿದೆ. ಆ ಖುಷಿಯನ್ನು ಹೇಗೆ ಹೇಳಲಿ? ಜೀವಮಾನವೆಲ್ಲ ಬೇರೆಯವರನ್ನು ಮುಂದಕ್ಕೆ ಕಳಿಸಿ ಪ್ಲಾಟ್‌ಫಾರಂ ಮೇಲೆ ಉಳಿದವನು ನಾನು. ಇನ್ನೊಂದು ಲಾರಿ ಬಂತು, ಅದನ್ನೂ ಹಿಂದೆ ಹಾಕಿದೆ. ಆಮೇಲೆ ಒಂದು ಬಸ್ಸು. ಭಾಮೈದ ಮುಂದೆ ಬಾಗಿ ಕೂತಿದ್ದ. ಸ್ಪೀಡಿನ ಮುಳ್ಳು ಎಲ್ಲಿದೆ ಎಂದು ನಾನು ನೋಡಲೇ ಇಲ್ಲ.

ಹಿರಿಯೂರಿನಲ್ಲಿ ಒಂದು ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿ ಗಡಿಯಾರ ನೋಡಿದೆ. ಆ ಸೆಕ್ಷನ್‌ಗೆ ಇಪ್ಪತ್ತೈದು ನಿಮಿಷ ಇಟ್ಟಿದ್ದೆ. ಹದಿನೇಳಕ್ಕೇ ಬಂದು ನಿಂತಿದ್ದೆ.

"ಇಲ್ಲೇ ಎಂಟು ನಿಮಿಷ ಕುಂತು ಆಮೇಲೆ ಫೋನ್ ಮಾಡ್ರಿ ಭಾವ. ಅಕ್ಕಂಗೆ ಏನು ಗೊತ್ತಾಗ್ತೈತೆ?"

ಅವನು ಅದನ್ನು ನನ್ನ ಒಳ್ಳೆಯದಕ್ಕೇ ಹೇಳಿದ. ಕೀಲಿಯ ಆಸೆಯನ್ನೂ ಬಿಟ್ಟು ಹೇಳಿದ ಎಂಬುದನ್ನು ನಾನು ಮರೆತಿಲ್ಲ. ಆದರೆ ಗಾಡಿ ಬಂದ ಸಮಯವನ್ನು ತಿದ್ದಿ ಬರೆಯುವ ಕೆಲಸವನ್ನು ನಾನು ಒಂದು ದಿನವೂ ಮಾಡಿದವನಲ್ಲ. ಪೆನ್ನು ಕೈಯಲ್ಲಿತ್ತು. ಬಂದ ಸಮಯವನ್ನೇ ಬರೆದೆ, ಬರೆದದ್ದನ್ನೇ ಫೋನಿನಲ್ಲಿ ಓದಿದೆ.

ಆ ಕಡೆ ಮತ್ತೆ ಹಾಳೆ ಸರಿಸಿದ ಸದ್ದು. ಅವಳ ಮುಂದೆ ನನ್ನ ಟೈಂಟೇಬಲ್ಲಿನ ನಕಲು ಇದೆ, ಅವಳು ಕಳೆಯುವ ಲೆಕ್ಕ ಮಾಡುತ್ತಿದ್ದಾಳೆ ಎಂದು ನನಗೆ ಕಣ್ಣಿಗೆ ಕಟ್ಟಿದಂತೆ ತಿಳಿಯುತ್ತಿತ್ತು.

"ಲೈನ್ ಕ್ಲಿಯರ್ ಇಲ್ಲ," ಎಂದಳು. "ಗಾಡಿ ಅಲ್ಲೇ ನಿಂತಿರ್ಲಿ. ಕೀಲಿ ಅವನಿಗೂ ಕೊಡಬ್ಯಾಡ್ರಿ. ನಾನೇ ಫೋನ್ ಮಾಡ್ತೀನಿ."

ಫೋನ್ ಇಟ್ಟುಬಿಟ್ಟಳು.

ಹೀಗೆ ನಾನು ಹಿರಿಯೂರಿನಲ್ಲಿ ನಿಂತೆ. ಎಷ್ಟೋ ಗೂಡ್ಸ್ ಗಾಡಿಗಳನ್ನು ಪಕ್ಕದ ಹಳಿಗೆ ಹಾಕಿ ಗಂಟೆಗಟ್ಟಲೆ ನಿಲ್ಲಿಸಿದವನು ನಾನು. ಡ್ರೈವರ್‌ಗಳು ಇಂಜಿನ್ನಿನಿಂದ ತಲೆ ಹೊರಗೆ ಹಾಕಿ ನನ್ನ ಕೋಣೆಯ ಕಡೆಗೆ ನೋಡುತ್ತಿದ್ದುದು ಈಗ ನೆನಪಾಯಿತು. ಅವರು ನೋಡುತ್ತಿದ್ದ ಹಾಗೆಯೇ ನಾನು ಫೋನನ್ನು ನೋಡುತ್ತಿದ್ದೆ. ಅವಳು ಸಿಟ್ಟಾದಳೋ ಹೆದರಿದಳೋ ತಿಳಿಯಲಿಲ್ಲ. ಒಂದು ಸಲ ಹೆದರಿದರೆ ಮುಗಿಯಿತು, ಕಾರಿಗೆ ಹೊದಿಕೆ ಹಾಕಿ ಇಟ್ಟುಬಿಡಬೇಕಾಗುತ್ತದೆ. ಎರಡು ಲಾರಿ, ಒಂದು ಬಸ್ಸು ಹಿಂದೆ ಹಾಕಿದ ಖುಷಿಗೆ ಇಡೀ ಗಾಡಿಯನ್ನೇ ಕಳೆದುಕೊಂಡೆನಲ್ಲ ಎಂದುಕೊಂಡು ಟೀ ಕುಡಿದೆ. ಬಾನೆಟ್ಟಿನ ಮೇಲೆ ಬಿದ್ದ ಬೇವಿನ ಎಲೆಗಳನ್ನು ಒಂದೊಂದಾಗಿ ತೆಗೆದೆ. ಭಾಮೈದನ ಪರಿಚಯದವರು ಇಬ್ಬರು ಬಂದು ಗಾಡಿ ಕೆಟ್ಟಿತೇ ಎಂದು ವಿಚಾರಿಸಿದರು. ಕೆಟ್ಟಿಲ್ಲ, ಸಿಗ್ನಲ್ ಬಿದ್ದಿಲ್ಲ ಎಂದು ಅವನು ಗಂಭೀರವಾಗಿ ಉತ್ತರ ಕೊಟ್ಟ. ಅವರು ರಸ್ತೆಯ ಆಚೆ ಈಚೆ ಸಿಗ್ನಲ್ ಹುಡುಕಿ ಹೋದರು.

ಒಂದೂವರೆ ಗಂಟೆಯ ಮೇಲೆ ಫೋನ್ ಬಂತು. ಧ್ವನಿ ಎಂದಿನಂತಿತ್ತು. ಹಿಂದೆ ಬಹಳ ಗದ್ದಲವಿತ್ತು.

"ಹಿರಿಯೂರಿನಿಂದ ಹೊಸದುರ್ಗ. ಇಪ್ಪತ್ತೊಂಬತ್ತು. ಟೈಂಟೇಬಲ್ಲಿನಂಗೆ ಬರ್ರಿ. ಬಸ್ ಸ್ಟ್ಯಾಂಡ್ ಎದ್ರಿಗೆ ನಿಲ್ಸ್ರಿ."

ನಾನು ಪ್ರಶ್ನೆ ಕೇಳಲಿಲ್ಲ. ನಂಬರು ಸಿಕ್ಕ ಮೇಲೆ ಪ್ರಶ್ನೆ ಕೇಳುವ ಪದ್ಧತಿ ನಮ್ಮಲ್ಲಿ ಇಲ್ಲ. ನಂಬರನ್ನು ಡೈರಿಯಲ್ಲಿ ಬರೆದು ಕೀಲಿ ತಿರುಗಿಸಿದೆ.

ಆ ಸೆಕ್ಷನ್‌ನಲ್ಲಿ ಮುಳ್ಳನ್ನು ಅರವತ್ತರ ಕೆಳಗೆ ಹಿಡಿದಿಟ್ಟೆ. ಮಾರಿಕಣಿವೆ ಅಣೆಕಟ್ಟಿನ ಕಡೆಯಿಂದ ತಂಪು ಗಾಳಿ ಬಂತು. ಅಲ್ಲಿಂದ ಮುಂದೆ ಒಂದು ತಿರುವಿನಲ್ಲಿ ರಸ್ತೆಯ ತುಂಬ ಕುರಿಗಳು. ನಾನು ಹಾರನ್ ಮಾಡದೆ, ಬ್ರೇಕ್ ಒತ್ತಿ, ದೂರದಲ್ಲೇ ನಿಂತೆ. ಭಾಮೈದ ಇಳಿದು ಹೋಗಿ, ಹಿಂಡಿನ ಯಜಮಾನನ ಜೊತೆ ಸೇರಿ ನಾಲಿಗೆಯಲ್ಲಿ ಏನೋ ಸದ್ದು ಮಾಡಿದ. ಕುರಿಗಳು ಒಂದು ಬದಿಗೆ ಹರಿದುಹೋದವು. ಭಾಮೈದ ರಸ್ತೆಯ ನಡುವೆ ನಿಂತು, ಹೆಗಲ ಮೇಲಿನ ಟವೆಲನ್ನು ಬಾವುಟದ ಹಾಗೆ ಬೀಸಿ ನನ್ನನ್ನು ಮುಂದಕ್ಕೆ ಕರೆದ. ಒಳಗೆ ಕೂತು ಬಾಗಿಲು ಹಾಕಿಕೊಂಡು ಹೇಳಿದ, "ಕುರಿ ಕಂಡ್ ಕೂಡ್ಲೆ ಹಾರನ್ ಹೊಡಿದೇ ಇರೋ ಡ್ರೈವರ್‌ನ ನಾನು ನೋಡಿದ್ದು ಇವತ್ತೇ ಭಾವ. ನಂದೇನೂ ತಕರಾರಿಲ್ಲ, ನೀವೇ ಓಡಿಸ್ರಿ." ಆಮೇಲೆ ಅವನು ಕೀಲಿಯ ಮಾತೆತ್ತಲಿಲ್ಲ.

ಹೊಸದುರ್ಗದ ಬಸ್ ಸ್ಟ್ಯಾಂಡ್ ಎದುರಿಗೆ ಗಾಡಿ ನಿಲ್ಲಿಸಿ, ಸಮಯ ಬರೆದು, ಫೋನಿಗೆ ಕೈ ಹಾಕಿದೆ. ಅಷ್ಟರಲ್ಲಿ ಎಡಗಡೆಯ ಗಾಜಿಗೆ ಯಾರೋ ಬಳೆಯಿಂದ ಟಕಟಕ ಬಡಿದರು. ನೋಡಿದರೆ ನನ್ನ ಹೆಂಡತಿ. ಮದುವೆಮನೆಗೆ ಉಡುವ ಹಸಿರು ಸೀರೆ, ಕೈಯಲ್ಲಿ ಮಡಚಿದ ಕ್ಯಾಲೆಂಡರ್ ಹಾಳೆ, ತೋಳಿನಲ್ಲಿ ಚೀಲ. ಹಿರಿಯೂರಿನಲ್ಲಿ ನನ್ನನ್ನು ನಿಲ್ಲಿಸಿ ತಾನು ಹೊಳಲ್ಕೆರೆಯಿಂದ ಬಸ್ಸು ಹತ್ತಿ ಬಂದಿದ್ದಾಳೆ.

ತಮ್ಮನನ್ನು ಹಿಂದಿನ ಸೀಟಿಗೆ ಹೋಗೆಂದಳು. ಮಂಡಿ ಬಗ್ಗಿಸುವ ತಾಪತ್ರಯವಿಲ್ಲದೆ ಒಂದೇ ಸಲಕ್ಕೆ ಮುಂದೆ ಕೂತಳು. ಸೀಟಿನ ಮೇಲೆ, ಬಾಗಿಲ ಮೇಲೆ ಕೈಯಾಡಿಸಿ ನೋಡಿದಳು.

"ಎಂಟು ನಿಮಿಷ ಮುಂಚೆ ಬಂದಿದ್ದಕ್ಕೆ ನಿಲ್ಸಿದ್ಯೋ, ನೀನು ಬಸ್ ಹಿಡಿಯೋಕೆ ನಿಲ್ಸಿದ್ಯೋ?" ಎಂದು ಕೇಳಿದೆ.

"ಎರಡಕ್ಕೂ," ಎಂದಳು. ಮೊದಲು ಹೆದರಿಕೆಯಾಯಿತಂತೆ, ಕೀಲಿ ತಮ್ಮನಿಗೆ ಕೊಡಿ ಎನ್ನುವ ಮಾತು ನಾಲಿಗೆಯ ತುದಿಗೇ ಬಂದಿತ್ತಂತೆ. "ಸುಳ್ಳು ಹೇಳ್ಬೋದಿತ್ತು ನೀವು. ಹೇಳ್ಲಿಲ್ಲ. ಅದಕ್ಕೆ ಕೀಲಿ ಬಿಡಿಸ್ಲಿಲ್ಲ." ಅದೂ ಅಲ್ಲದೆ, ಆರತಿ ತಟ್ಟೆ ಹಿಡಿದು ಬಾಗಿಲಲ್ಲಿ ಕಾಯುವುದು ತನಗೆ ಬೇಡವಾಗಿತ್ತು ಎಂದಳು. ಆರತಿಯ ಕೆಲಸವನ್ನು ಪಕ್ಕದ ಮನೆಯಾಕೆಗೆ ಒಪ್ಪಿಸಿ ಬಂದಿದ್ದಳು. "ಗೋಡೆ ಈಚೆ ಕುಂತು ಗಾಡಿ ಹೋಗೋ ಸದ್ದು ಕೇಳಿದ್ದು ಸಾಕು. ಇದು ಬರೋವಾಗ ನಾನು ಒಳಗಿರ್ಬೇಕು."

ನಾನು ಡೈರಿ ತೊಡೆಯ ಮೇಲೆ ಇಟ್ಟುಕೊಂಡು ಪದ್ಧತಿಯ ಪ್ರಕಾರ ಕೇಳಿದೆ. ಅವಳು ಹಾಳೆ ಬಿಡಿಸಿ, ಮುಂದಿನ ರಸ್ತೆಯನ್ನು ಒಮ್ಮೆ ನಿಜವಾಗಿಯೂ ನೋಡಿ, "ಅರವತ್ತೊಂದು. ಹೋಗಾಣ," ಎಂದಳು.

ಹೊಳಲ್ಕೆರೆಯ ತನಕ ಅವಳು ಒಂದು ಕಣ್ಣು ರಸ್ತೆಯ ಮೇಲೆ, ಒಂದು ಕಣ್ಣು ಮುಳ್ಳಿನ ಮೇಲೆ ಇಟ್ಟಿದ್ದಳು. ದಾರಿಯ ಪ್ರತಿ ಗುಂಡಿಯನ್ನೂ ನನಗಿಂತ ಮೊದಲು ಹೇಳಿದಳು. ಬೇರೆ ದಿನವಾಗಿದ್ದರೆ ನನಗೆ ರೇಗುತ್ತಿತ್ತು. ಆ ದಿನ ಪ್ರತಿ ಗುಂಡಿಗೂ "ಸರಿ" ಎಂದೆ. ಬಿಸಿಲು ಇನ್ನೂ ಇತ್ತು. ನಮ್ಮ ಬೀದಿಯ ತಿರುವಿನಲ್ಲಿ ಎರಡನೇ ಗೇರಿಗೆ ಇಳಿಸಿ, ಗೇಟಿನ ಮುಂದೆ ನೇರ ಮಾಡಿ ನಿಲ್ಲಿಸಿದೆ. ಪಕ್ಕದ ಮನೆಯಾಕೆ ತಟ್ಟೆ ತಂದರು. ಹೆಂಡತಿ ಇಳಿದವಳು ಆರತಿಯ ಕಡೆಗೆ ಬರದೆ ಗಾಡಿಯ ಹಿಂದಕ್ಕೆ ಹೋದಳು. ಸೊಂಟದ ಮೇಲೆ ಕೈ ಇಟ್ಟು ಹಿಂಬದಿಯನ್ನು ಎಡದಿಂದ ಬಲಕ್ಕೆ ನೋಡಿದಳು.

"ಗಾಡಿ ಪೂರ್ತಿ ಬಂದೈತೆ," ಎಂದು ಅಲ್ಲಿಂದಲೇ ಹೇಳಿದಳು.

"ಕೊನೇ ಡಬ್ಬಿ ಇನ್ನೂ ಇಳಿದಿಲ್ಲಕ್ಕ," ಎಂದ ಹಿಂದಿನ ಸೀಟಿನಲ್ಲಿದ್ದ ಭಾಮೈದ.

ನಾನು ಬಂದ ಸಮಯ ಬರೆದೆ. ಆ ಸೆಕ್ಷನ್‌ಗೆ ಇಟ್ಟಿದ್ದಕ್ಕಿಂತ ಎರಡು ನಿಮಿಷ ತಡ. ಅವಳು ನನ್ನ ಡೈರಿಯನ್ನು ಇಣುಕಿ ನೋಡಿ, ಪೆನ್ನು ಇಸಿದುಕೊಂಡು, ತನ್ನ ಹಾಳೆಯಲ್ಲಿ ಪೆನ್ನಿಲ್ಲದೆ ಹೊಡೆಯದೇ ಉಳಿದಿದ್ದ ಐದನೆಯ ನಂಬರನ್ನು ಹೊಡೆದುಹಾಕಿದಳು. ಕೆಳಗೆ ಇನ್ನೂ ಹದಿನೈದು ಉಳಿದಿದ್ದವು.

"ಹರಿಯಬ್ಬೆಗೆ ಎಷ್ಟು ಸೆಕ್ಷನ್ ಆಗ್ತಾವೆ?" ಎಂದು ಕೇಳಿದಳು.

ಹೊಳಲ್ಕೆರೆಯಿಂದ ಹೊಸದುರ್ಗ ಒಂದು, ಹೊಸದುರ್ಗದಿಂದ ಹಿರಿಯೂರು ಎರಡು, ಅಲ್ಲಿಂದ ಹರಿಯಬ್ಬೆ ಮೂರು. ನಾನು ಮೂರು ಎಂದೆ. ಅವಳು ಬಾನೆಟ್ಟಿನ ಮೇಲೆಯೇ ಹಾಳೆ ಹರಡಿ, ಮುಂದಿನ ಮೂರು ನಂಬರುಗಳ ಪಕ್ಕದಲ್ಲಿ ಒಂದೊಂದು ಚುಕ್ಕಿ ಇಟ್ಟಳು.