ಬೆಲ್ಲ ಕೊಟ್ಟು ಕೊಂಡ ಸ್ಯಾಕ್ರಿನ್

ನಾನು ಲಂಗ ಎತ್ತಿ ಕಟ್ಟಿಕೊಂಡು ಓಡಾಡುತ್ತಿದ್ದ ಆ ವರ್ಷಗಳಲ್ಲಿ ದಾಂಡೇಲಿಯ ನಮ್ಮ ಲೈನಿನಲ್ಲಿ ಯಾರೂ ಗಡಿಯಾರ ನೋಡುತ್ತಿರಲಿಲ್ಲ. ಕಾಗದದ ಮಿಲ್ಲಿನ ಭೋಂಗಾ ಕೂಗಿದರೆ ಒಲೆ ಹಚ್ಚುವುದು, ಕೂಗಿದರೆ ಊಟಕ್ಕೆ ಕೂಡುವುದು. ಲೈನ್ ಅಂದರೆ ಮಿಲ್ಲಿನ ಕೆಲಸಗಾರರ ಇಪ್ಪತ್ತು ಮನೆಗಳ ಸಾಲು. ಹೆಚ್ಚಿನವರು ನಮ್ಮ ಹಾಗೆ ಧಾರವಾಡ, ಬೆಳಗಾವಿ ಕಡೆಯಿಂದ ಬಂದವರು.

ರಾಮನವಮಿ ಬಂತೆಂದರೆ ಮಧ್ಯಾಹ್ನದ ಭೋಂಗಾಕ್ಕೆ ಶಿಫ್ಟ್ ಮುಗಿಸಿ ಬರುವವರಿಗೆಲ್ಲ ಲೈನಿನ ಬಾಗಿಲಲ್ಲೇ ಪಾನಕ. ಅದಕ್ಕೆ ಮನೆಗೊಂದು ಹೆಂಟೆ ಬೆಲ್ಲ. ಹಳಿಯಾಳ ಕಡೆಯ ಕಪ್ಪು ಬೆಲ್ಲ, ಯಾರದೋ ತವರಿನ ಅಂಟು ಬೆಲ್ಲ, ಇರುವೆ ಮುತ್ತಿದ ಹಳೇ ಬೆಲ್ಲ, ಎಲ್ಲ ಒಂದೇ ಚೀಲಕ್ಕೆ. ಬೆಲ್ಲ ಕೂಡಿಸಿ ತಂದವರಿಗೇ ಸೌಟು ಹಿಡಿಯುವ ಮಾನ.

ಆ ವರ್ಷ ಹಬ್ಬದ ಬೆಳಿಗ್ಗೆ ನಾನು ಬೆಲ್ಲದ ಚೀಲ ಕೇಳಿದಾಗ ಲೈನಿನ ಹಿರಿಯಳಾದ ಗಂಗವ್ವಜ್ಜಿ ಒಪ್ಪಲಿಲ್ಲ.

"ಈ ಶಕ್ಕು ಕೈಯಾಗ ಕೊಟ್ರ ದಾರ್‍ಯಾಗ ಮಾರಿ ಬರ್ತಾಳ."

ಅಪ್ಪ ಹೆಚ್ಚು ಮಾತಾಡುವವನಲ್ಲ. ಶಿಫ್ಟಿಗೆ ಹೊರಟವನು ಚಪ್ಪಲಿ ಮೆಟ್ಟುತ್ತಾ ಹೇಳಿದ: "ಕೊಡ್ರಿ ಅಜ್ಜಿ. ಜವಾಬ್ದಾರಿ ನಂದು."

ಹತ್ತು ವರ್ಷದ ನಾನು ಆಗಲೇ ಚೌಕಾಶಿಯಲ್ಲಿ ಹೆಸರು ಮಾಡಿದ್ದೆ. ಅಂದು ಬೆಳಿಗ್ಗೆಯೇ ರೋಜಿ ಮಾವಶಿಯ ಹತ್ತಿರ ಒಂದು ವ್ಯವಹಾರ ಗೆದ್ದಿದ್ದೆ. ಲೈನಿನ ಮಕ್ಕಳಿಗೆಲ್ಲ ಚಿಕ್ಕಮ್ಮನಂತಿದ್ದ ಮಾವಶಿ ಹಳಿಯಾಳದ ಆಚೆಯ ಸಿದ್ದಿ ಹಳ್ಳಿಯವಳು. ಲೈನಿನ ತುದಿಯ ಮಾವಿನ ಮರದ ಕೆಳಗೆ ಒಣಗಿಸಿದ ಮುರುಗಲು, ಅಂದರೆ ಕೋಕಂ ಹಣ್ಣಿನ ಹುಳಿ ಸಿಪ್ಪೆ ಮಾರಲು ಕೂಡುತ್ತಿದ್ದಳು. ನಾನು ಒಂದು ಸಿಪ್ಪೆ ಎತ್ತಿ ಹಿಡಿದು, "ಇದರಾಗ ಹುಳಾ ಐತಿ ಮಾವಶಿ, ಹೋದ ವರ್ಷದ್ದಲ್ಲ?" ಅಂದೆ. ಹುಳ ಇರಲಿಲ್ಲ. ಆದರೆ ಸುತ್ತ ನಿಂತ ನಾಲ್ಕು ಹೆಂಗಸರು ಕೇಳಿಸಿಕೊಂಡು ಜಾಗ ಖಾಲಿ ಮಾಡಿದರು. ಮಾವಶಿ ನನ್ನ ಮುಖ ನೋಡಿ ಅರ್ಧ ದರಕ್ಕೆ ಕೊಟ್ಟಳು.

ಆ ಗೆಲುವಿನ ಅಮಲಿನಲ್ಲೇ ಬೆಲ್ಲ ಕೂಡಿಸಿ ತರುವಾಗ ಐಸ್‌ಕ್ಯಾಂಡಿಯವನು ಸೈಕಲ್ ನಿಲ್ಲಿಸಿದ. ಕ್ಯಾಂಡಿಗೆ ಹಾಕುವ ಬಿಳೀ ಗುಳಿಗೆಯ ಪೊಟ್ಟಣ ತೋರಿಸಿದ. "ಸ್ಯಾಕ್ರಿನ್. ಒಂದು ಗುಳಗಿ ಹಾಕು, ಒಂದು ಮುಷ್ಟಿ ಸಕ್ರಿ ಹಾಕಿದಂಗ." ಅರ್ಧ ಚೀಲ ಬೆಲ್ಲಕ್ಕೆ ಪೂರಾ ಪೊಟ್ಟಣ. ನಾನು ಎರಡು ಕ್ಯಾಂಡಿಯನ್ನೂ ಮೇಲೆ ಕಿತ್ತುಕೊಂಡೆ. ಅವನು ಅಲ್ಲೇ ನಿಂತು ಬುತ್ತಿಯ ರೊಟ್ಟಿ ಬಿಚ್ಚಿ, ನಮ್ಮ ಬೆಲ್ಲ ಹಚ್ಚಿಕೊಂಡು ತಿನ್ನತೊಡಗಿದ. ಸ್ಯಾಕ್ರಿನ್ ಇಟ್ಟುಕೊಂಡವನು ಬೆಲ್ಲಕ್ಕೆ ಬಾಯಿ ಬಿಡುತ್ತಾನಂದರೆ ನನಗೆ ಅಲ್ಲೇ ತಿಳಿಯಬೇಕಿತ್ತು.

ಉಳಿದ ಬೆಲ್ಲ ಹಂಡೆಯಲ್ಲಿ ಕರಗಿಸಿ, ಶುಂಠಿ, ಏಲಕ್ಕಿ ಹಾಕಿ, ಗುಳಿಗೆ ಉದುರಿಸಿದೆ. ನೈವೇದ್ಯಕ್ಕೆ ಮೊದಲು ರುಚಿ ನೋಡುವಂತಿಲ್ಲ. ಹೆಂಗಸರೆಲ್ಲ ಕೋಸಂಬರಿಗೆ ಸೌತೆಕಾಯಿ ಹೆಚ್ಚುತ್ತಿದ್ದಾಗ ನಾನು ಕದ್ದು ಬೆರಳು ಅದ್ದಿ ನೆಕ್ಕಿದೆ. ಮುಂದೆ ಸಿಹಿ, ಹಿಂದೆ ಸಣ್ಣ ಕಹಿ. ಸಿಹಿ ಸಾಲದೆಂದು ಇನ್ನಷ್ಟು ಹಾಕಿದೆ. ಕಹಿ ಏರಿತು. ಮತ್ತೆ ಹಾಕಿದೆ. ಪೊಟ್ಟಣ ಮುಗಿಯುವ ಹೊತ್ತಿಗೆ ಹಂಡೆಯಲ್ಲಿದ್ದದ್ದು ಬೇವಿನ ಕಷಾಯ. ತಗಡು ನೆಕ್ಕಿದ ಹಾಗೆ ನಾಲಿಗೆ ಜುಂ ಅಂತು.

ಭೋಂಗಾಕ್ಕೆ ಇನ್ನು ಒಂದು ತಾಸು. ಮೊದಲ ಗ್ಲಾಸು, ಜವಾಬ್ದಾರಿ ಹೊತ್ತ ಅಪ್ಪನಿಗೆ. ಅವನ ಜೊತೆಯವರ ಎದುರಿಗೆ.

ಮಾವಿನ ಮರದ ಕಡೆ ಓಡಿದೆ.

"ಮಾವಶಿ, ಚೀಲದಾಗಿನ ಎಲ್ಲಾ ಮುರುಗಲು ಬೇಕು."

"ಹುಳಾ ಹಿಡದದ್ದು ಒಯ್ದು ಏನ ಮಾಡ್ತೀ?"

"ಹುಳಾ ಇಲ್ಲ. ರೇಟ್ ಇಳಸಾಕ ಅಂದಿದ್ದೆ."

"ಅದು ನನಗೂ ಗೊತ್ತೈತಿ ಪೋರಿ. ನಿನ್ನ ಬಾಯಿಂದ ಕೇಳಬೇಕಿತ್ತು."

ನಾನು ಅಳುತ್ತಾ ಎಲ್ಲ ಹೇಳಿದೆ. ಮಾವಶಿ ಎದ್ದು ಬಂದು ಹಂಡೆಯ ಒಂದು ಹನಿ ನಾಲಿಗೆಗೆ ಇಟ್ಟು ಥೂ ಅಂದಳು.

"ಇದಕ್ಕ ಇನ್ನ ಸಿಹಿ ಹಾಕಬ್ಯಾಡ, ನೀರು ಹಾಕು. ಒಂದು ಹಂಡೆ ಇದ್ದದ್ದು ನಾಕು ಹಂಡೆ ಆಗಲಿ. ಮುರುಗಲು ಹುಳಿ, ಚಿಟಿಕಿ ಉಪ್ಪು, ಖರೇ ಬೆಲ್ಲ. ನನಗ ರೊಕ್ಕ ಬ್ಯಾಡ. ಭೋಂಗಾ ಆದಮ್ಯಾಲ ಎಲ್ಲಾರ ಮುಂದ ಕೂಗಿ ಹೇಳು, ರೋಜಿ ಮಾವಶಿ ಮುರುಗಲಿನ್ಯಾಗ ಹುಳಾ ಇಲ್ಲ ಅಂತ. ಮೂರು ಸಲ."

"ಎರಡು ಸಲ ಸಾಕಲ್ಲ ಮಾವಶಿ?"

"ಮೂರು. ಇಲ್ಲಾಂದ್ರ ನಿನ್ನ ಕಷಾಯ ನೀನ ಕುಡಿ."

ಜೀವನದಲ್ಲಿ ನಾನು ಸೋತ ಮೊದಲ ಚೌಕಾಶಿ ಅದು.

ಬೆಲ್ಲ ಬೇಕೆಂದರೆ ಗಂಗವ್ವಜ್ಜಿಗೆ ಹೇಳಲೇಬೇಕು. ಹೇಳಿದೆ. "ಮಾರಿ ಬರ್ತಾಳ ಅಂದಿದ್ದಿಲ್ಲ ನಾನು?" ಅಂದಳು, ಆದರೆ ಬೈಯಲು ಪುರುಸೊತ್ತಿರಲಿಲ್ಲ. ದೇವರಿಗೆ ತನ್ನ ಡಬ್ಬಿಯ ಬೆಲ್ಲದಲ್ಲಿ ಬೇರೆ ಒಂದು ಬಟ್ಟಲು ಪಾನಕ ಮಾಡಿಟ್ಟು, ಸೆರಗು ಸಿಕ್ಕಿಸಿ ಮನೆಮನೆಯ ಬಾಗಿಲು ಬಡಿದಳು. ಡಬ್ಬಿಯ ತಳ ಕೆರೆದು ಬೆಲ್ಲ ಬಂತು, ಹಂಡೆಗಳು ಬಂದವು. ಬಿಸಿನೀರಿಗೆ ಬಿದ್ದ ಮುರುಗಲು ಕೆಂಪು ಬಿಟ್ಟಿತು. ಮಾವಶಿ ಮೊಣಕೈವರೆಗೆ ಕೆಂಪಾಗಿ ಸಿಪ್ಪೆ ಹಿಂಡಿದಳು. ಒಬ್ಬೊಬ್ಬರೂ ರುಚಿ ನೋಡಿ, ಉಪ್ಪು ಸಾಲದು, ಹುಳಿ ಹೆಚ್ಚಾತು ಅಂತ ಜಗಳಾಡಿ ನಕ್ಕರು. ಆ ಹೊತ್ತಿನ ವಾಸನೆ, ಏಲಕ್ಕಿ, ಮುರುಗಲು ಮತ್ತು ಗಾಳಿಯಲ್ಲಿ ಬರುತ್ತಿದ್ದ ಮಿಲ್ಲಿನ ಬೇಯಿಸಿದ ಬಿದಿರಿನ ಘಾಟು, ಇವತ್ತೂ ನನ್ನ ಮೂಗಿನಲ್ಲಿದೆ.

ಭೋಂಗಾ ಕೂಗಿತು. ಅಪ್ಪ ಗ್ಲಾಸು ಎತ್ತಿ ಒಂದೇ ಉಸಿರಿಗೆ ಕುಡಿದ. ಗ್ಲಾಸಿನ ತಳ ನೋಡಿದ.

"ಇದು ಪಾನಕ ಅಲ್ಲ," ಅಂದ.

ನಾನು ಸೌಟನ್ನು ಬೆನ್ನ ಹಿಂದೆ ಅಡಗಿಸಿಕೊಂಡೆ.

"ಏನ ಇರಲಿ, ಇನ್ನೊಂದು ಗ್ಲಾಸ್ ಹಾಕು."

ನಾನು ಕಟ್ಟೆ ಹತ್ತಿ ಕೂಗಿದೆ. ಒಂದು ಸಲ, ಎರಡು ಸಲ. ಕೆಲಸಗಾರರು ಬಿದ್ದು ಬಿದ್ದು ನಕ್ಕರು. "ಹುಳಾ ಐತಿ ಅಂತ ಯಾರ ಅಂದಿದ್ರವ್ವಾ?" ಅಂತ ಹಿಂದಿನಿಂದ ಒಬ್ಬ ಕೇಳಿದ. "ನಾನಽ," ಅಂದು ಮೂರನೇ ಸಲ ಕೂಗಿದೆ. ಅಪ್ಪನೂ ನಕ್ಕ. ಮರುವಾರ ಮಾವಶಿ ಇಡೀ ಚೀಲ ಮಾರಿ ಮಧ್ಯಾಹ್ನಕ್ಕೇ ಊರಿಗೆ ಹೋದಳು. ನನಗೆ ಒಂದು ಸಿಪ್ಪೆಯನ್ನೂ ಕಡಿಮೆ ದರಕ್ಕೆ ಕೊಡಲಿಲ್ಲ.

ಈಗ ಬಸ್‌ಸ್ಟ್ಯಾಂಡ್ ಹತ್ತಿರ ನನ್ನದೇ ಶರಬತ್ತಿನ ಅಂಗಡಿ ಇದೆ. ಕಾಳಿ ನದಿಯಲ್ಲಿ ದೋಣಿ ಆಡಲು ಬಂದವರು 'ಶುಗರ್ ಫ್ರೀ ಇದೆಯಾ' ಅಂತಾರೆ. ಅದೇ ಜಾತಿಯ ಬಿಳೀ ಗುಳಿಗೆಗಳು ಈಗ ಚಂದದ ಡಬ್ಬಿಯಲ್ಲಿ ಬರುತ್ತವೆ. ಡಾಕ್ಟರು ಹೇಳಿದ್ದರೆ ಅವರು ಹೇಳಿದಷ್ಟೇ ಹಾಕಿಕೊಳ್ಳಿ. ಸಕ್ಕರೆ ಕಾಯಿಲೆಯವರಿಗೆ ಬೆಲ್ಲವೂ ಸಕ್ಕರೆಯೇ, ನಾನು ಮಾರುವವಳಾಗಿ ಹೇಳುತ್ತಿದ್ದೇನೆ. ಅವರಿಗೆ ನಾನು ಬರೀ ಮುರುಗಲು, ಉಪ್ಪು, ಜೀರಿಗೆ ಹಾಕಿ ಕೊಡುತ್ತೇನೆ. ಇನ್ನೊಂದು ಮಾತು: ಏನೇ ಕೊಳ್ಳುವಾಗಲೂ ಮಾರುವವನು ತಾನು ಏನು ತಿನ್ನುತ್ತಾನೆ ಅಂತ ನೋಡಿ ಕೊಳ್ಳಿ.

ಇಪ್ಪತ್ತು ಮನೆಯ ಇಪ್ಪತ್ತು ಬಣ್ಣದ ಬೆಲ್ಲ ಈಗಿಲ್ಲ, ಪ್ಯಾಕೆಟ್ಟಿನಲ್ಲಿ ಎಲ್ಲವೂ ಒಂದೇ ಹಳದಿ. ಗಿರಾಕಿಗಳು ಮೊಬೈಲ್ ಹಿಡಿದು ದುಡ್ಡು ಕೊಟ್ಟು ಹೋಗುತ್ತಾರೆ. ಹುಳ ಇದೆ ಅಂತ ಸುಳ್ಳು ಹೇಳಿ ಜಗಳ ತೆಗೆಯುವವರೂ ಇಲ್ಲ. ಹೊಸ ಮುರುಗಲು ಚೀಲ ಬಿಚ್ಚಿದ ದಿನ ನಾನು ಅಂಗಡಿ ಬಾಗಿಲಲ್ಲಿ ನಿಂತು, ಹುಳಾ ಇಲ್ಲ ಅಂತ ಮೆಲ್ಲಗೆ ಮೂರು ಸಲ ಹೇಳಿಕೊಳ್ಳುತ್ತೇನೆ. ಎರಡೇ ಸಲ ಸಾಕಲ್ಲ ಅಂತ ಕೇಳೋಣವೆಂದರೆ ಮಾವಶಿ ಇಲ್ಲ.