ಹೆಪ್ಸಿ ಪೆಲ್ ಮುರಿಯದೆ ಬಿಟ್ಟ ತುಂಡು

ಸ್ಕಾರ್ನ್‌ಬಿ ಊರಿನ ಸ್ಕ್ರಿವೆನ್ ಕಾರ್ಖಾನೆ ಇಪ್ಪತ್ತೆಂಟು ವರ್ಷ ಬದುಕಿತು. ಅಷ್ಟರಲ್ಲಿ ನಾಲ್ಕು ಬಗೆಯ ಸಣ್ಣ ವಿಮಾನ ಹೆತ್ತಿತು. ನಾಲ್ಕಕ್ಕೂ ಹಕ್ಕಿಗಳ ಹೆಸರು. ಮೊದಲನೆಯದು ಗುಬ್ಬಿ, ಒಬ್ಬನೇ ಕೂರುವಂಥದ್ದು. ಎದುರುಗಾಳಿ ಜೋರಾದರೆ ಕೆಳಗೆ ರಸ್ತೆಯಲ್ಲಿ ಹೋಗುವ ಸೈಕಲ್ಲೇ ಅದನ್ನು ಹಿಂದೆ ಹಾಕುತ್ತಿತ್ತು. ಎರಡನೆಯದು ಟಿಟ್ಟಿಭ. ಇಬ್ಬರನ್ನು ಹೊತ್ತು ಉತ್ತ ಹೊಲದಲ್ಲೂ ಇಳಿಯುತ್ತಿತ್ತು. ನಮ್ಮ ಕಡೆಯ ರೈತರ ಮಕ್ಕಳು ಹಾರಲು ಕಲಿತದ್ದು ಅದರ ಮೇಲೆಯೇ. ಮೂರನೆಯದು ಮಿಂಚುಳ್ಳಿ. ಅಷ್ಟು ಚೆಂದದ ವಿಮಾನವನ್ನು ನಮ್ಮ ಕೈ ಮತ್ತೆ ಮಾಡಲಿಲ್ಲ. ಯುದ್ಧ ಮುಗಿದ ಮೇಲೆ ಬಂದ ಗಿಡುಗಕ್ಕೆ ತಗಡಿನ ಮೈ. ತಗಡಿನ ಬಗ್ಗೆ ನನ್ನಂಥ ಮರಗೆಲಸದವನು ಏನು ಹೇಳಬೇಕು?

ಪುಸ್ತಕ ಬರೆಯುವವರು ಇವುಗಳ ರೆಕ್ಕೆಯ ಉದ್ದ, ಎಂಜಿನ್ನಿನ ಕಸುವು ಎಲ್ಲ ಬರೆದಿದ್ದಾರೆ. ರೆಕ್ಕೆಯನ್ನು ಹಿಡಿದು ನಿಲ್ಲಿಸಿದ್ದು ಯಾವುದು ಎಂದು ಮಾತ್ರ ಬರೆದಿಲ್ಲ. ಅದು ಹೆಪ್ಸಿ ಪೆಲ್ ಕಲಸಿದ ಅಂಟು.

ಆಗಿನ ಅಂಟು ಹಾಲಿನಿಂದ ಆದದ್ದು. ಕೆನೆ ತೆಗೆದ ಹಾಲನ್ನು ಒಡೆಸಿ ಒಣಗಿಸಿದ ಪುಡಿಗೆ ತಣ್ಣೀರು ಬೆರೆಸಿ ಕಲಸಬೇಕು. ಕಲಸಿದ ಕುಡಿಕೆ ನಾಲ್ಕು ಗಂಟೆ ಬಾಳುತ್ತದೆ, ಆಮೇಲೆ ಚೆಲ್ಲಬೇಕು. ಪ್ರತಿ ಕುಡಿಕೆಯಿಂದಲೂ ಹೆಪ್ಸಿ ಎರಡು ಪುಟ್ಟ ಮರದ ಚಕ್ಕೆಗಳನ್ನು ಅಂಟಿಸಿ, ಬಿಗಿದು ಇಡುತ್ತಿದ್ದಳು. ಅದಕ್ಕೆ ಸಾಕ್ಷಿ ತುಂಡು ಎಂದು ಹೆಸರು. ಮರುದಿನ ಅದನ್ನು ವೈಸಿನ ಕಬ್ಬಿಣದ ದವಡೆಗೆ ಸಿಕ್ಕಿಸಿ ಮುರಿಯುವಳು. ಮರವೇ ಹರಿದರೆ ಅಂಟು ಗಟ್ಟಿ. ಅಂಟು ಬಿಟ್ಟುಕೊಂಡರೆ ಆ ಕುಡಿಕೆಯಿಂದ ಆದ ಕೆಲಸವೆಲ್ಲ ಒಲೆಗೆ. ಆಮೇಲೆ ಚೀಟಿ ಬರೆದು ರೆಕ್ಕೆಗೆ ಕಟ್ಟುವಳು. ಆ ಚೀಟಿ ಇಲ್ಲದೆ ಯಜಮಾನ ಸ್ಕ್ರಿವೆನ್ನರ ವಿಮಾನವೂ ನೆಲ ಬಿಡುವ ಹಾಗಿರಲಿಲ್ಲ. ಐದು ವರ್ಷದಲ್ಲಿ ಅವಳ ಒಂದು ತುಂಡೂ ಸೋತಿರಲಿಲ್ಲ.

ಹೆಪ್ಸಿಯ ತಂಗಿ ಲೆಟ್ಟಿ. ಲೆಟ್ಟಿಯ ಗಂಡ ಏಮಸ್ ನಮ್ಮಲ್ಲೇ ಎಂಜಿನ್ ಕೂರಿಸುವವನು, ಬಾಯಿಗೆ ಬೀಗವಿಲ್ಲದ ಮನುಷ್ಯ.

“ಏನ್ ಹೆಪ್ಸಿ, ಈ ಹುಳಿ ವಾಸನೆಗೇ ಕಣೇ ನಿನ್ನ ಹತ್ರ ಒಬ್ಬ ಗಂಡೂ ಸುಳಿಯಲ್ಲ” ಎನ್ನುವನು.

“ಸುಳಿದೋನು ಅಂಟ್ಕೊಂಡೇ ಇರ್ತಾನೆ ಕಣೋ. ನಿನ್ನ ಹಾಗೆ ಎಣ್ಣೆ ಬಳ್ಕೊಂಡೋನ ಜೊತೆ ಲೆಟ್ಟಿ ಹೇಗೆ ಬಾಳ್ತಾಳೋ, ಹಿಡಿದ್ರೆ ಜಾರ್ತೀಯ.”

ಸಾವಿರದ ಒಂಬೈನೂರ ಮೂವತ್ತೆಂಟರ ಜೂನ್. ಮಿಂಚುಳ್ಳಿಯನ್ನು ಕೊಳ್ಳಬಹುದಾದ ವಿಮಾನ ಕ್ಲಬ್ಬಿನವರಿಗೆ ತೋರಿಸಲು ಶನಿವಾರ ನಮ್ಮ ಬಯಲಲ್ಲೇ ಪ್ರದರ್ಶನ. ಶುಕ್ರವಾರ ಬೆಳಿಗ್ಗೆ ಅದನ್ನು ತಳ್ಳಿಕೊಂಡು ಹೋಗುವಾಗ ಎಡರೆಕ್ಕೆ ಗೇಟಿನ ಕಂಬಕ್ಕೆ ತಗುಲಿ ಒಳಗಿನ ತೊಲೆ ಸೀಳಿತು. ಸೀಳಿದ ಕಡೆ ಹೊಸ ಮರ ಕೊರೆದು ಕೂರಿಸಿದವನು ನಾನು, ಅಂಟಿಸಿದವಳು ಹೆಪ್ಸಿ. ವಿಮಾನದ ಷೆಡ್ಡು ತುಂಬಿದ್ದರಿಂದ ವಿಮಾನ ಹೊರಗೆ ಟಾರ್ಪಾಲಿನಡಿ ನಿಂತಿತು, ಅದರ ಮೇಲೆ ಬೆಳಗಿನವರೆಗೂ ಮಂಜು ಸುರಿಯಿತು. ಸಾಕ್ಷಿ ತುಂಡು ಒಳಗೆ ಒಲೆಯ ಪಕ್ಕ ಬೆಚ್ಚಗಿತ್ತು.

ಬೆಳಿಗ್ಗೆ ಒಂಬತ್ತಕ್ಕೆ ಯಜಮಾನರು ಬಂದರು. “ಮಿಸ್ ಪೆಲ್, ಚೀಟಿ ಆಯ್ತಾ?”

“ತುಂಡು ಹನ್ನೊಂದರವರೆಗೆ ಬಿಗೀಲೇ ಇರ್ಬೇಕು ಸಾರ್.”

“ಕ್ಲಬ್ಬಿನವರು ಹತ್ತಕ್ಕೇ ಬರ್ತಾರೆ. ಇರ್ಲಿ, ನಿಮಗೆ ಸರಿ ಅನ್ನಿಸಿದಾಗ ಕೊಡಿ” ಎಂದು ಹೊರಟುಹೋದರು. ಅಷ್ಟೇ ಅವರು ಆಡಿದ ಮಾತು.

ಏಮಸ್ ಕೋಟು ಹಾಕಿಕೊಂಡು ಬಂದ. ಮೊದಲ ಪ್ರದರ್ಶನದಲ್ಲಿ ಎಂಜಿನ್ ಕೂರಿಸಿದವನು ಹಿಂದಿನ ಸೀಟಿನಲ್ಲಿ ಕೂರುವುದು ನಮ್ಮ ಕಾರ್ಖಾನೆಯ ಪದ್ಧತಿ. “ಹೆಪ್ಸಿ, ಲೆಟ್ಟಿ ಹೊಸ ಟೋಪಿ ಹಾಕ್ಕೊಂಡು ಬೇಲಿ ಹತ್ರ ನಿಂತವ್ಳೆ. ಮಳೆ ಬಂದ್ರೆ ಟೋಪಿ ಕೆಟ್ಟು ನಂಗೆ ಬೈಗುಳ. ನಿನ್ನ ತುಂಡು ಯಾವತ್ತಾದ್ರೂ ಸೋತಿದ್ಯಾ?”

“ನಂದಾ? ಸೋಲೋದಾ?” ಎಂದಳು ಹೆಪ್ಸಿ. ಕಿವಿಯ ಸಂದಿಯಿಂದ ಪೆನ್ಸಿಲ್ ತೆಗೆದು ಚೀಟಿಯ ಮೇಲೆ ಬರೆದಳು: ‘ಮುರಿದು ನೋಡಿದೆ. ಮರ ಹರಿಯಿತು, ಅಂಟು ಬಿಡಲಿಲ್ಲ. ಎಚ್. ಪೆಲ್.’ ಬಿಗಿಯಲ್ಲಿದ್ದ ತುಂಡನ್ನು ಬಿಚ್ಚಿ ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು, ಆಮೇಲೆ ಮುರಿದರಾಯಿತೆಂದು. ನಾನು ಪಕ್ಕದ ಬೆಂಚಿನಲ್ಲಿದ್ದೆ. ಕಂಡೆ, ತುಟಿ ಬಿಚ್ಚಲಿಲ್ಲ.

ಮಿಂಚುಳ್ಳಿ ಎರಡು ಸುತ್ತು ಹಾಕಿತು. ಮೂರನೆಯ ಸುತ್ತಿನಲ್ಲಿ ಓರೆಯಾಗಿ ತಿರುಗುವಾಗ ಎಡರೆಕ್ಕೆ ಪುಸ್ತಕದ ಹಾಳೆಯ ಹಾಗೆ ಮಡಚಿಕೊಂಡಿತು. ವಿಮಾನ ಬೀಟ್ ಗೆಡ್ಡೆಯ ಹೊಲದಲ್ಲಿ ಬಿದ್ದು ಉರಿಯಿತು. ಹಾರಿಸುವವನೂ ಹೋದ, ಏಮಸನೂ ಹೋದ.

ವಿಚಾರಣೆಗೆ ಮೂವರು ಬಂದು ಬೂದಿ ಕೆದಕಿದರು. ಚೀಟಿಯ ನಕಲನ್ನು ಹೆಪ್ಸಿ ಕಾರ್ಖಾನೆಯ ದಾಖಲೆ ಪುಸ್ತಕದಲ್ಲೂ ಅಂಟಿಸಿದ್ದಳು. ಅದನ್ನು ನೋಡಿ ತಲೆಯಾಡಿಸಿದರು. ಸಹಿ ಇದ್ದ ಮೇಲೆ ತುಂಡು ಮುರಿದು ಒಲೆಗೆ ಹೋಗಿರಬೇಕು ಎಂದುಕೊಂಡರು, ಯಾರೂ ಕೇಳಲಿಲ್ಲ. ಕಾರಣ ತಿಳಿಯದು ಎಂದು ಬರೆದುಕೊಂಡು ಹೋದರು. ಮಿಂಚುಳ್ಳಿಯನ್ನು ಯಾರೂ ಕೊಳ್ಳಲಿಲ್ಲ, ಇನ್ನೊಂದು ಹುಟ್ಟಲಿಲ್ಲ.

ಹೆಪ್ಸಿ ತನ್ನ ಪೆಟ್ಟಿಗೆ ಎತ್ತಿಕೊಂಡು ಲೆಟ್ಟಿಯ ಮನೆಗೆ ಹೋದವಳು ಮತ್ತೆ ಬರಲಿಲ್ಲ. ಅಂಟಿನ ಕುಡಿಕೆಯನ್ನು ಮುಟ್ಟಲಿಲ್ಲ. ಮೂವತ್ತೊಂದು ವರ್ಷ ತಂಗಿಯ ಒಲೆ ಉರಿಸಿದಳು, ಬಟ್ಟೆ ಒಗೆದಳು, ಬೇರೆಯವರ ಮನೆಯ ನೆಲ ಒರೆಸಿ ಇಬ್ಬರ ಹೊಟ್ಟೆ ಹೊರೆದಳು. ಲೆಟ್ಟಿ ಮಾತ್ರ, ಯಜಮಾನರೇ ಅವಸರ ಮಾಡಿ ಹಾರಿಸಿದರೆಂದು ನಂಬಿ, ಸ್ಕ್ರಿವೆನ್ನರ ಗೇಟು ದಾಟುವಾಗಲೆಲ್ಲ ಉಗುಳುತ್ತಿದ್ದಳು. “ಆತುರಗೇಡಿ ಮುಂಡೇದು, ನನ್ನ ಗಂಡನ್ನ ತಿಂದ” ಎನ್ನುವಳು. ಪಕ್ಕದಲ್ಲಿ ಹೆಪ್ಸಿ ನೆಲ ನೋಡಿಕೊಂಡು ನಡೆಯುವಳು. ಯಜಮಾನರು ಸಾಯುವವರೆಗೂ ಒಂದು ಮಾತು ಎದುರಾಡಲಿಲ್ಲ. ಅವರಿಗೆ ಎಷ್ಟು ಗೊತ್ತಿತ್ತೋ ದೇವರೇ ಬಲ್ಲ.

ಅರುವತ್ತೊಂಬತ್ತರಲ್ಲಿ ಲೆಟ್ಟಿ ಎದೆ ಕೆಟ್ಟು ಹಾಸಿಗೆ ಹಿಡಿದಳು. ಒಂದು ಬೆಳಿಗ್ಗೆ ಹೆಪ್ಸಿ ನನ್ನ ಮನೆಯ ಹಿಂದಿನ ಷೆಡ್ಡಿಗೆ ಬಂದು, ಅಂದು ಜೇಬಿಗೆ ಹಾಕಿಕೊಂಡು ಮುರಿಯದೇ ಉಳಿಸಿದ್ದ ಆ ತುಂಡನ್ನು ಬೆಂಚಿನ ಮೇಲಿಟ್ಟಳು.

“ಮುರಿ ರೂಬೆನ್. ಅವಳಿಗೆ ಹೇಳೋಕ್ ಮುಂಚೆ ನಂಗೆ ಗೊತ್ತಾಗ್ಬೇಕು.”

“ಹೇಳೋದ್ಯಾಕೆ ಈಗ? ಸಾಯೋಳನ್ನ ನೆಮ್ಮದಿಯಾಗಿ ಸಾಯೋಕ್ ಬಿಡು.”

“ತಪ್ಪಿಲ್ಲದೋನ ಮೇಲೆ ಉಗುಳಿ ಸಾಯ್ಲಾ? ಅದು ನೆಮ್ಮದಿನಾ? ಮುರಿ ಅಂದೆ.”

ವೈಸಿಗೆ ಸಿಕ್ಕಿಸಿ ಭಾರ ಹಾಕಿ ಎಳೆದೆ. ಚಟ್ಟೆಂದಿತು. ನೋಡಿದರೆ ಮರ ನಾರುನಾರಾಗಿ ಹರಿದಿದೆ, ಅಂಟು ಇದ್ದಲ್ಲೇ ಇದೆ. ನನ್ನ ಕಣ್ಣಲ್ಲಿ ನೀರು ಬಂತು. “ನಿನ್ನ ಅಂಟಲ್ಲ ಕಣೇ ಹೆಪ್ಸಿ! ನೋಡು!”

ಅವಳು ತುಂಡನ್ನು ಬೆಳಕಿಗೆ ಹಿಡಿದು ನೋಡಿದಳು. “ಇದು ಒಲೆ ಪಕ್ಕ ಒಣಗಿದ್ದು. ಆಮೇಲೆ ಮೂವತ್ತೊಂದು ವರ್ಷ ಪೆಟ್ಟಿಗೇಲಿ. ರೆಕ್ಕೆ ಮಂಜಲ್ಲಿ ನೆಂದು, ಹೊತ್ತಿಗೆ ಮುಂಚೆ ಹಾರಿದ್ದು. ಆವತ್ತು ಹೇಳಬೇಕಾದ ಮಾತನ್ನ ಇದು ಇವತ್ತು ಹೇಳ್ತಿದೆ. ನೀನೇ ಹೇಳು, ಈ ಸಾಕ್ಷೀನ ಒಪ್ತೀಯಾ?”

ನಲವತ್ತು ವರ್ಷ ಮರ ಕೊರೆದವನಿಗೆ ಒಪ್ಪುತ್ತೇನೆಂದು ಸುಳ್ಳು ಹೇಳಲಾಗಲಿಲ್ಲ. ಅವಳ ಜೊತೆ ಲೆಟ್ಟಿಯ ಮನೆಗೆ ಹೋದೆ.

ಲೆಟ್ಟಿ ದಿಂಬಿಗೆ ಒರಗಿದ್ದಳು. ಹೆಪ್ಸಿ ಏನನ್ನೂ ಮುಚ್ಚದೆ, ಅಳದೆ, ಎಲ್ಲ ಹೇಳಿದಳು. ಮುರಿದ ತುಂಡನ್ನು ತೋರಿಸಲೂ ಇಲ್ಲ. ನಾನೇ ತಡೆಯಲಾಗದೆ, “ಇವತ್ತು ಮುರಿದ್ವಿ ಲೆಟ್ಟಿ, ಅಂಟು ಗಟ್ಟಿಯಾಗೇ ಇತ್ತು” ಎಂದೆ.

“ಅಂಟಿನ ಮಾತು ಬಿಡಪ್ಪ” ಎಂದಳು ಲೆಟ್ಟಿ. ಅಕ್ಕನ ಕಡೆ ತಿರುಗಿದಳು. “ಚೀಟೀಲಿ ಏನಂತ ಬರೆದೆ?”

“ಮುರಿದು ನೋಡಿದೆ ಅಂತ.”

“ಮುರಿದಿದ್ಯಾ?”

“ಇಲ್ಲ.”

“ಅಂಟು ಸೋತಿದ್ರೆ ಹಣೇಬರಹ ಅಂತಿದ್ದೆ. ನನ್ನ ಗಂಡನೇ ಆತುರ ಮಾಡ್ದ ಅಂತಾನೂ ಅಂದ್ಕೋತಿದ್ದೆ. ಬಯಲಲ್ಲಿ ಅಷ್ಟು ಜನ ನಿಂತಿದ್ವಿ, ಎಲ್ರೂ ನಿನ್ನ ಸಹೀನ ನಂಬಿದ್ವಿ.” ಉಸಿರು ಸಾಲದೆ ನಿಲ್ಲಿಸಿ, ಮತ್ತೆ ಹೇಳಿದಳು: “ಇಷ್ಟು ವರ್ಷ ಆ ಮುದುಕನ ಗೇಟಿಗೆ ಉಗುಳಿಸಿದ್ಯಲ್ಲ, ನನ್ನ ಬಾಯಲ್ಲಿ. ಪಕ್ಕದಲ್ಲೇ ನಡೀತಾ.”

ಹೆಪ್ಸಿ ಮಂಚದ ಕಾಲು ಹಿಡಿದುಕೊಂಡಳು. ಲೆಟ್ಟಿ ಗೋಡೆಯ ಕಡೆ ಹೊರಳಿ, “ಟೀ ಮಾಡ್ತೀರಾ, ಮಿಸ್ ಪೆಲ್?” ಎಂದಳು.

ಆಮೇಲೆ ಒಂಬತ್ತು ವಾರ ಅವಳು ಅಕ್ಕನನ್ನು ಕರೆದದ್ದು ಹಾಗೆಯೇ. ಬೈಯಲಿಲ್ಲ, ಮನೆಯಿಂದ ಹೊರಡು ಎನ್ನಲಿಲ್ಲ. ಆಸ್ಪತ್ರೆಯ ನರ್ಸಿಗೆ ಹೇಳುವಷ್ಟೇ ಮರ್ಯಾದೆಯಿಂದ ನೀರು ಕೇಳಿದಳು, ದಿಂಬು ಸರಿಮಾಡಿಸಿಕೊಂಡಳು, ಉಪಕಾರವಾಯಿತು ಎಂದಳು. ಹೆಪ್ಸಿ ಪ್ರತಿ ಸಲವೂ, “ಬಂದೆ ಲೆಟ್ಟಿ” ಎಂದೇ ಓಗೊಟ್ಟಳು. ಒಂದು ಮಂಗಳವಾರ ಅವಳು ಹಾಲು ತರಲು ಹೋಗಿದ್ದಾಗ ಲೆಟ್ಟಿಯ ಉಸಿರು ನಿಂತಿತು.

ಸಾವು ಬರೆಸಲು ಪೇಟೆಯ ಕಚೇರಿಗೆ ನಾವಿಬ್ಬರೇ ಹೋದೆವು. ಗುಮಾಸ್ತ ಒಳ್ಳೆಯವನು, ಎಲ್ಲ ತುಂಬಿಸಿ ಪೆನ್ನು ಮುಂದಿಟ್ಟ. ಹೆಪ್ಸಿ ಕನ್ನಡಕ ಹಾಕಿಕೊಂಡು ಓದಿದಳು.

“ಸಾಯುವಾಗ ಹತ್ತಿರವಿದ್ದವರು ಅಂತ ಬರೆದಿದ್ದೀರಲ್ಲ. ನಾನು ಹಾಲಿನಂಗಡೀಲಿದ್ದೆ.”

“ಅದೇನು ಬಿಡಿ ಅಮ್ಮ, ಒಂದೇ ಮನೆಯವರು ತಾನೇ.”

“ನೋಡಿಲ್ಲದ್ದಕ್ಕೆ ಸಹಿ ಹಾಕಲ್ಲಪ್ಪ.”

ಅವನು ಹೊಸ ಹಾಳೆ ತೆಗೆದು, ಸತ್ತವಳಿಗೆ ಏನಾಗಬೇಕು ಎಂಬಲ್ಲಿ ಅಕ್ಕ ಎಂದಷ್ಟೇ ಬರೆದು ಕೊಟ್ಟ. ಹೆಪ್ಸಿ ಆ ಒಂದು ಮಾತಿನ ಮೇಲೆ ಬೆರಳಿಟ್ಟು ಕೂತಳು. “ಇದೂ ಗೊತ್ತಿಲ್ಲ. ಅವಳನ್ನ ಕೇಳಬೇಕಿತ್ತು” ಎಂದು ಪೆನ್ನು ಕೆಳಗಿಟ್ಟಳು.

ಕಡೆಗೆ ಆ ಜಾಗದಲ್ಲಿ ಮಣ್ಣು ಮಾಡಿಸುವವನು ಎಂದು ಬರೆಸಿ ನಾನೇ ಸಹಿ ಹಾಕಿದೆ.