ಎದುರಿಗೇ ಕೂತಿದ್ದ ಗೈರುಹಾಜರಿ

"ಅಲ್ಲೇ ಕುಂತವ್ಳಲ್ಲ ಮೇಷ್ಟ್ರೇ, ನನ್ ಮಗ್ಳು!" ತರಗತಿಯ ಬಾಗಿಲಲ್ಲಿ ನಿಂತು ಅಪ್ಪ ನನ್ನತ್ತ ಬೆರಳು ತೋರಿಸಿದ. ಐವತ್ತರ ದಶಕದ ಮಾತು. ನಾನು ಎಂಟು ದಿನದಿಂದ ಬಂದಿಲ್ಲವೆಂದು ಹುಣಸೂರಿನ ಶಾಲೆಯಿಂದ ನಮ್ಮೂರು ಕಟ್ಟೆಮಳಲವಾಡಿಗೆ ಕಾಗದ ಹೋಗಿತ್ತು. ಶಾಲೆಗೆಂದು ಹೊರಟು ಎಲ್ಲೋ ಅಲೆಯುತ್ತಿದ್ದೇನೆಂದುಕೊಂಡು, ನನ್ನನ್ನು ಶಾಲೆ ಬಿಡಿಸಲೆಂದೇ ಅಪ್ಪ ಬಂದಿದ್ದ.

ಹೊಸ ಮೇಷ್ಟ್ರು ಹಾಜರಿ ಪುಸ್ತಕದಿಂದ ತಲೆ ಎತ್ತದೆಯೇ ಹೆಸರು ಕೂಗುತ್ತಿದ್ದರು. ನನ್ನ ಸರದಿ ಬಂದಾಗ "ಹಾಜರ್ ಸಾರ್" ಎನ್ನಲು ಬಾಯಿ ತೆರೆದರೂ ದನಿ ಹೊರಡುತ್ತಿರಲಿಲ್ಲ. ಅವರು ಗೈರು ಎಂದು ಬರೆದು ಮುಂದಿನ ಹೆಸರು ಕೂಗುತ್ತಿದ್ದರು.

ಪಕ್ಕದವಳು ಇದನ್ನೆಲ್ಲ ಹೇಳಿದಾಗ ಅಪ್ಪ ಕಕ್ಕಾಬಿಕ್ಕಿಯಾದ. "ಗದ್ದೇಲಿ ಗಿಳಿ ಓಡ್ಸಕ್ಕೆ ನಿಂತ್ರೆ ನಿನ್ ಕೂಗು ಪಕ್ಕದೂರ್ಗೆ ಕೇಳ್ತದಲ್ಲವ್ವ! ಇಲ್ಲೇನಾಯ್ತು ನಿಂಗೆ?" ತರಗತಿಯೆಲ್ಲ ತಿರುಗಿ ನೋಡಿತು.

ಅಪ್ಪ ಶಾಲೆ ಬಿಡಿಸಲಿಲ್ಲ. ಮರುದಿನದಿಂದ ನನ್ನ ಹೆಸರು ಬಂದಾಗ ಮಾತ್ರ ಮೇಷ್ಟ್ರು ತಲೆ ಎತ್ತಿ ನೋಡತೊಡಗಿದರು; ನಾನು ಕೈ ಎತ್ತುತ್ತಿದ್ದೆ. ಈಗಲೂ ಆಸ್ಪತ್ರೆಯಲ್ಲಿ ನನ್ನ ಹೆಸರು ಕೂಗಿದರೆ ಕೈಯಷ್ಟೇ ಮೇಲೇಳುತ್ತದೆ. ಗಿಳಿಗಳನ್ನು ಹೆದರಿಸುತ್ತಿದ್ದ ಆ ದನಿ ಆ ಹೊತ್ತಿಗೆ ಎಲ್ಲಿ ಅಡಗುತ್ತದೋ, ಅಪ್ಪ ಅಂದು ಕೇಳಿದ್ದಕ್ಕೆ ಉತ್ತರ ನನಗಿನ್ನೂ ಗೊತ್ತಾಗಿಲ್ಲ.